ಹೇಳಿಕೊಟ್ಟವರಿಗೆ ಏನು ಸಿಗಬೇಕು?

ಕೇಳುಗರಿಗೆ ನಮಸ್ಕಾರ. ಕೆಲಸದಲ್ಲಿ ತಾನು ಕಲಿತದ್ದನ್ನು ನೌಕರ ಸಹೋದ್ಯೋಗಿಗಳಿಗೂ ಹೇಳಿಕೊಡಬೇಕಾದರೆ ಅವನಿಗೆ ಎಂಥ ಪ್ರೋತ್ಸಾಹ ಬೇಕು ಎಂಬುದು ಇಂದಿನ ಮಾತು.

1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ಬೆನ್ನು ಹತ್ತಿ ಓಡಾಡಿದರು. ಬುಡಕಟ್ಟುಗಳನ್ನು ಬಿಟ್ಟು ನಕಲುಯಂತ್ರದವರ ಹಿಂದೇಕೆ ಬಿದ್ದರು ಎಂದು ನಗಬೇಡಿ. ಯಂತ್ರ ತೋರಿಸುವ ದೋಷಸಂಕೇತ ಒಂದು, ಅದರ ನಿಜವಾದ ಕಾಯಿಲೆ ಇನ್ನೊಂದು. ಇಂಥ ಕಡೆ ಕಂಪನಿಯ ಕೈಪಿಡಿ ಕೈಚೆಲ್ಲುತ್ತಿತ್ತು. ದಾರಿ ತೋರಿಸುತ್ತಿದ್ದುದು ತಂತ್ರಜ್ಞರು ಊಟಕ್ಕೆ ಕೂತಾಗ ಹೇಳಿಕೊಳ್ಳುತ್ತಿದ್ದ ಕಥೆಗಳು. ಮೇಲಧಿಕಾರಿಗಳ ಕಣ್ಣಿಗೆ ಅದು ಬರೀ ಹರಟೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

1990ರ ದಶಕದಲ್ಲಿ ಅದೇ ಕಂಪನಿ ಈ ಹರಟೆಗೆ ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಟ್ಟಿತು. ಮೊದಲು ಫ್ರಾನ್ಸಿನಲ್ಲಿ ಬಳಕೆಗೆ ಬಂದ ಆ ವ್ಯವಸ್ಥೆಯ ಹೆಸರು ಯುರೇಕಾ. ತಂತ್ರಜ್ಞ ತಾನು ಕಂಡುಕೊಂಡ ಉಪಾಯವನ್ನು ಬರೆದು ಕಳುಹಿಸಬೇಕು: ಲಕ್ಷಣವೇನು, ಕಾರಣವೇನು, ಪರಿಹಾರವೇನು. ಅನುಭವಿ ಸಹೋದ್ಯೋಗಿಗಳು ಪರೀಕ್ಷಿಸಿ ಒಪ್ಪಿದ ಮೇಲೆ ಅದು ಬರೆದವನ ಹೆಸರು ಹೊತ್ತು ಎಲ್ಲರಿಗೂ ತಲುಪುತ್ತಿತ್ತು. ಉಪಾಯಕ್ಕೆ ಹಣ ಕೊಡೋಣವೇ ಎಂಬ ಮಾತು ಬಂದಾಗ ತಂತ್ರಜ್ಞರೇ ಬೇಡವೆಂದರು. ಹಣ ಬಂದರೆ ಎಣಿಕೆ ಮುಂದಾಗಿ ಗುಣ ಹಿಂದೆ ಬೀಳುತ್ತದೆ ಎಂಬುದು ಅವರ ವಾದ. ತಮ್ಮ ಕಸುಬಿನವರ ನಡುವೆ ಹೆಸರು ನಿಂತರೆ ಅವರಿಗೆ ಸಾಕಿತ್ತು.

ಅವರ ಅಂಜಿಕೆ ಸುಳ್ಳಲ್ಲ. ದಾಖಲೆಯೊಂದಕ್ಕೆ ಇಷ್ಟು ಅಂಕ ಎಂದು ಸಾರಿದ ಕಚೇರಿಯಲ್ಲಿ ವರ್ಷಾಂತ್ಯಕ್ಕೆ ದಾಖಲೆಗಳ ರಾಶಿ ಬೀಳುತ್ತದೆ. ಹುಡುಕಿದರೆ ‘ಅಂತಿಮ’, ‘ಪರಿಷ್ಕೃತ ಅಂತಿಮ’, ‘ಇದೇ ಅಂತಿಮ’ ಎಂಬ ಮೂರು ಕಡತಗಳು ಸಿಗುತ್ತವೆ. ನಮಗೆ ಬೇಕಾದದ್ದು ಮೂರರಲ್ಲೂ ಇರುವುದಿಲ್ಲ.

ಹಾಗೆಂದು ಪ್ರೋತ್ಸಾಹವೇ ಬೇಡವೆಂದಲ್ಲ. ಪಕ್ಕದ ಮೇಜಿನವನಿಗೆ ಕಲಿಸಿಕೊಟ್ಟರೆ ಅವನೇ ನನ್ನನ್ನು ಹಿಂದಿಕ್ಕಿ ಬಡ್ತಿ ಪಡೆಯುವುದಾದರೆ ಬಾಯಿ ಬಿಡುವವರು ಯಾರು? ನೌಕರರನ್ನು ಪರಸ್ಪರ ಹೋಲಿಸಿ ಶ್ರೇಣಿ ಕೊಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಇತರರ ಕೆಲಸಕ್ಕೆ ನೀವು ಹೇಗೆ ನೆರವಾದಿರಿ, ಇತರರು ಮಾಡಿದ್ದನ್ನು ಹೇಗೆ ಬಳಸಿಕೊಂಡಿರಿ ಎಂಬುದೂ ಅಲ್ಲಿನ ಹೊಸ ಮೌಲ್ಯಮಾಪನದಲ್ಲಿ ಸೇರಿತು. ಎರಡನೆಯ ಪ್ರಶ್ನೆ ನನಗೆ ಹೆಚ್ಚು ಹಿಡಿಸುತ್ತದೆ. ಇನ್ನೊಬ್ಬರನ್ನು ಕೇಳಿ ಕಲಿಯುವುದು ಸಣ್ಣತನವಲ್ಲ ಎಂದು ಅದು ನೌಕರನಿಗೆ ಧೈರ್ಯ ಕೊಡುತ್ತದೆ.

ಹೀಗೆ ಹೇಳಿಕೊಟ್ಟದ್ದನ್ನು ಕೂಡಿಡುವ ತಂತ್ರಾಂಶದ ಆಯ್ಕೆ ಆಮೇಲಿನ ಮಾತು. ಹುಡುಕಿದ್ದು ಥಟ್ಟನೆ ಸಿಗಬೇಕು, ಹಳಸಿದ್ದನ್ನು ತೆಗೆದುಹಾಕಲು ಒಬ್ಬರು ಹೊಣೆಗಾರರಿರಬೇಕು, ಬರೆದವರನ್ನು ನೇರವಾಗಿ ಕೇಳುವಂತಿರಬೇಕು. ಆದರೆ ಬರೆಯಲು ಹಿಡಿಯುವ ಅರ್ಧ ಗಂಟೆ ಯಾರ ಲೆಕ್ಕಕ್ಕೆ? ಅದನ್ನು ಕೆಲಸದ ವೇಳೆಯೆಂದು ಒಪ್ಪದ ಕಚೇರಿ ಎಷ್ಟೇ ದುಬಾರಿ ವ್ಯವಸ್ಥೆ ತರಿಸಿದರೂ ಅದರಲ್ಲಿ ಸುತ್ತೋಲೆಗಳಷ್ಟೇ ತುಂಬಿರುತ್ತವೆ.

ನಮಸ್ಕಾರ.