ಫ್ಯಾನ್ ಕೂಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ

ಈ ಸದ್ದು ಕೇಳಿಸುತ್ತಿದೆಯಾ? ಸಮುದ್ರ ಅಂದುಕೊಂಡಿರಾ? ಅಲ್ಲ, ನನ್ನ ಲ್ಯಾಪ್‌ಟಾಪಿನ ಫ್ಯಾನ್.

ಕಾರವಾರದ ಕೋಡಿಬಾಗ. ಮೇ ತಿಂಗಳ ಮಧ್ಯಾಹ್ನ. ಕಾಳಿ ನದಿ ಕಡಲು ಸೇರುವ ಜಾಗ ಇಲ್ಲೇ ಹತ್ತಿರ, ಆದರೂ ತೆಂಗಿನ ಗರಿ ಅಲ್ಲಾಡುತ್ತಿಲ್ಲ. ಬೈತಖೋಲ ಬಂದರಿನ ವಿಡಿಯೋ ಎಡಿಟ್ ಮಾಡಲು ಕೂತಿದ್ದೆ. ಹತ್ತು ನಿಮಿಷಕ್ಕೆ ಕೀಬೋರ್ಡ್ ದೋಸೆ ಕಾವಲಿಯಾಯಿತು. ಸರಸರ ಓಡುತ್ತಿದ್ದ ಎಕ್ಸ್‌ಪೋರ್ಟ್, ಅಂದರೆ ಎಡಿಟ್ ಆದ ವಿಡಿಯೋವನ್ನು ಫೈಲ್ ಮಾಡುವ ಕೆಲಸ, ತೆವಳತೊಡಗಿತು.

ಒಳಗಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್ ತೆರೆದರೆ 97 ಡಿಗ್ರಿ! ಇಷ್ಟು ಬಿಸಿಯಾದಾಗ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಸುಟ್ಟುಹೋಗಬಾರದು ಅಲ್ವಾ, ಅದಕ್ಕೆ. ಥರ್ಮಲ್ ಥ್ರಾಟ್ಲಿಂಗ್ ಅನ್ನುವುದು ಇದನ್ನೇ.

ಫ್ಯಾನ್ ಇನ್ನೂ ಜೋರಾಗಿ ತಿರುಗಿಸೋಣ ಅಂತ ಸಾಫ್ಟ್‌ವೇರ್ ಹುಡುಕಿದೆ. ನೋಟ್‌ಬುಕ್ ಫ್ಯಾನ್‌ಕಂಟ್ರೋಲ್ ಅಂತ ಒಂದಿದೆ. ನಿಮ್ಮ ಮಾಡೆಲ್ಲಿಗೆ ಹೊಂದುವ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಸಿಕ್ಕರೆ ಮಾತ್ರ ಹಾಕಿ. ಬೇರೆಯದು ಹಾಕಿದರೆ ಫ್ಯಾನ್ ನಿಂತೇಹೋಗಬಹುದು. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಥಿಂಕ್‌ಫ್ಯಾನ್ ಇದೆ. ಆದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಫ್ಯಾನಿನ ಜುಟ್ಟು ಎಂಬೆಡೆಡ್ ಕಂಟ್ರೋಲರ್ ಅನ್ನುವ ಪುಟ್ಟ ಚಿಪ್ಪಿನ ಕೈಯಲ್ಲಿರುತ್ತದೆ. ಅದು ಯಾರ ಮಾತೂ ಕೇಳುವುದಿಲ್ಲ. ನನ್ನದೂ ಅದೇ ಜಾತಿ.

ಆಗ ತಲೆಗೆ ಹೊಳೆಯಿತು. ಫ್ಯಾನ್ ಆಗಲೇ ಪೂರ್ತಿ ವೇಗದಲ್ಲಿ ಕಿರುಚುತ್ತಿದೆ. ಮತ್ತೆ ಪಕ್ಕದ ಕಿಂಡಿಗೆ ಕೈ ಹಿಡಿದರೆ ಗಾಳಿ ಯಾಕಿಲ್ಲ?

ಆಫ್ ಮಾಡಿ, ಚಾರ್ಜರ್ ಕಿತ್ತು ಬಿಚ್ಚಿದೆ. ಹನ್ನೊಂದು ಸ್ಕ್ರೂ, ಎರಡಕ್ಕೆ ತುಕ್ಕು. ಕಿಟಕಿಯ ಸರಳನ್ನೇ ತಿನ್ನುವ ಉಪ್ಪುಗಾಳಿ ಇದನ್ನು ಬಿಟ್ಟೀತೇ? ಮೊದಲು ಬ್ಯಾಟರಿ ಕನೆಕ್ಟರ್ ತೆಗೆದೆ. ಇಲ್ಲಿ ನೋಡಿ, ಫ್ಯಾನಿಗೂ, ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ತಾಮ್ರದ ಪಟ್ಟಿಗಳಿಗೂ ನಡುವೆ. ಧೂಳು ಬೂದು ಬಣ್ಣದ ಕಂಬಳಿ ತುಂಡಿನ ಹಾಗೆ ಕೂತಿದೆ. ಚಿಮಟದಲ್ಲಿ ಒಂದು ತುದಿ ಹಿಡಿದು ಎಳೆದೆ, ಇಡಿಯಾಗಿ ಎದ್ದು ಬಂತು. ಮುಟ್ಟಿದರೆ ಜಿಡ್ಡು ಜಿಡ್ಡು.

ಆಯಿ ಬಗ್ಗಿ ನೋಡಿದಳು. "ತಮಾ, ಚೌತಿಗೆ ಮೊದಲು ಮನೆಯೆಲ್ಲ ಜೇಡ ಹೊಡಿತೇವೆ. ಇದನ್ನ ಯಾಕೆ ಬಿಟ್ಟೆ?"

ಉತ್ತರ ಇರಲಿಲ್ಲ.

ಉಳಿದ ಧೂಳನ್ನು ಬ್ರಶ್‌ನಲ್ಲಿ ತೆಗೆದೆ. ಗಾಳಿ ಊದುವುದಾದರೆ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ಗಿರ್ರನೆ ತಿರುಗಿಸಿ ಬೇರಿಂಗ್ ಕೆಡಿಸಬೇಡಿ. ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿಗಿಂತ ಚಿಕ್ಕದಾಗಿ ಹೊಸದು ಹಾಕಿದೆ. ವಾರಂಟಿ ಇರುವವರು ಈ ಸಾಹಸ ಸರ್ವಿಸ್ ಸೆಂಟರಿಗೇ ಬಿಡಿ.

ಇನ್ನೊಂದು ಉಪಾಯ, ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿದೆ. ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ಒಂದೇ ಅಂಕಿ, ಆದರೆ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಟರ್ಬೊ ಬೂಸ್ಟ್, ಅಂದರೆ ಪ್ರೊಸೆಸರ್ ಮಾಮೂಲಿಗಿಂತ ಜೋರಾಗಿ ಓಡುವುದು, ನಿಂತುಹೋಗುತ್ತದೆ. ವೇಗ ಸ್ವಲ್ಪ ಕಡಿಮೆ, ಬಿಸಿ ತುಂಬಾ ಕಡಿಮೆ. ನನಗಂತೂ ಈ ವ್ಯಾಪಾರ ಒಪ್ಪಿಗೆ.

ಅಂದಹಾಗೆ, ನಮ್ಮ ಕರಾವಳಿಯ ಸೆಕೆ ಲ್ಯಾಪ್‌ಟಾಪಿಗೆ ನಮ್ಮಷ್ಟು ತಟ್ಟುವುದಿಲ್ಲ. ನಮಗೆ ಬೆವರು ಆರದೆ ಒದ್ದಾಟ. ಅದು ಬೆವರುವುದೇ ಇಲ್ಲವಲ್ಲ! ಕೋಣೆಯ ಗಾಳಿ ಎಷ್ಟು ಬಿಸಿ ಅನ್ನುವುದಷ್ಟೇ ಅದಕ್ಕೆ ಲೆಕ್ಕ. ಕೋಣೆ 34 ಡಿಗ್ರಿ ಇದ್ದರೆ, ಫ್ಯಾನ್ ಎಷ್ಟೇ ತಿರುಗಿದರೂ ಅದಕ್ಕಿಂತ ಕೆಳಗೆ ಇಳಿಸಲಾರದು.

ಅದೇ ವಿಡಿಯೋ ಮತ್ತೆ ಎಕ್ಸ್‌ಪೋರ್ಟಿಗೆ ಹಾಕಿದೆ. 78 ಡಿಗ್ರಿ. ಕಿಂಡಿಯಿಂದ ಬಿಸಿ ಗಾಳಿ ಕೈಗೆ ರಾಚುತ್ತಿದೆ. ಅರ್ಧ ಆಗುವಾಗ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಆರಾಮಾಗಿ ಓಡುತ್ತಿದೆ. ನಿಂತಿದ್ದು ನನ್ನ ತಲೆ ಮೇಲಿನ ಫ್ಯಾನ್.