ಕಯಾಕ್‌ಗೆ ಟಾರ್ಪಾಲು ಸುತ್ತಿದವರೇ, ಸ್ವಲ್ಪ ಕೇಳಿ

ನಮಸ್ಕಾರ. ಇವತ್ತು ಕಯಾಕ್‌ನ, ಅಂದರೆ ಒಬ್ಬಿಬ್ಬರು ಕೂತು ಹೋಗುವ ಕಿರುದೋಣಿಯ, ಹುಟ್ಟು ಕೆತ್ತುವುದರ ಬಗ್ಗೆ ಮಾತನಾಡುತ್ತೇನೆ ಎಂದಿದ್ದೆ. ಬೆಳಿಗ್ಗೆ ಒಂದು ಕಾಮೆಂಟ್ ಓದಿದೆ, ಕಾಫಿ ಆರಿಹೋಯಿತು. ‘ಸಾರ್, ಮಳೆಗಾಲದಲ್ಲಿ ಮರದ ಕಯಾಕ್‌ಗೆ ದಪ್ಪ ಟಾರ್ಪಾಲು ಸುತ್ತಿ ಬಿಗಿಯಾಗಿ ಹಗ್ಗ ಕಟ್ಟಿದರೆ ಆಯಿತು, ಹನಿ ನೀರೂ ಒಳಗೆ ಹೋಗುವುದಿಲ್ಲ.’ ಅದಕ್ಕೆ ನಲವತ್ತು ಲೈಕು! ನನ್ನ ವಿಡಿಯೊಗೇ ಅಷ್ಟು ಬರುವುದಿಲ್ಲ.

ಸ್ವಾಮಿ, ಹೊರಗಿನದು ಒಳಗೆ ಹೋಗುವುದಿಲ್ಲ, ಒಪ್ಪಿದೆ. ಒಳಗಿನದು ಹೊರಗೆ ಬರುವುದು ಹೇಗೆ?

ಮರ ತೇವ ಕುಡಿಯುತ್ತದೆ, ಬಿಡುತ್ತದೆ. ಜುಲೈನಲ್ಲಿ ನಮ್ಮ ಕುಂದಾಪುರದ ಕಡೆ ಗಾಳಿಯ ತೇವಾಂಶ ಶೇಕಡಾ 90ರ ಆಸುಪಾಸು. ಆ ಗಾಳಿಯಲ್ಲಿ ಸುಮ್ಮನೆ ಇಟ್ಟ ಮರಕ್ಕೇ ಒಣ ತೂಕದ ಶೇಕಡಾ 20ರಷ್ಟು ನೀರು ಸೇರುತ್ತದೆ. ಇನ್ನೂ ಸ್ವಲ್ಪ ಸಿಕ್ಕರೆ ಮರ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ಆ ಸ್ವಲ್ಪವನ್ನು ಬಡಿಸುವುದೇ ನಿಮ್ಮ ಟಾರ್ಪಾಲು. ಹಗಲು ಒಂದು ಗಳಿಗೆ ಬಿಸಿಲು ಬಿದ್ದರೆ ಒಳಗೆ ಹಬೆ, ರಾತ್ರಿ ತಂಪಾದರೆ ಪ್ಲಾಸ್ಟಿಕ್ಕಿನ ಒಳಮೈಗೆ ಹನಿ. ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿ ನೋಡಿದ್ದೀರಲ್ಲ? ಅದೇ.

‘ನನ್ನದಕ್ಕೆ ನೀರು ತಡೆಯುವ ಎಪಾಕ್ಸಿ ಅಂಟು ಹಚ್ಚಿದೆ, ಮೇಲೆ ವಾರ್ನಿಷ್ ಇದೆ’ ಎನ್ನುತ್ತೀರಿ. ಮರಳಿನ ಮೇಲೆ ಎಳೆದಾಗ ಬಿದ್ದ ಗೀರು? ಸ್ಕ್ರೂ ಹಾಕಿದ ತೂತು? ನೀರು ಅಲ್ಲಿ ನುಗ್ಗುತ್ತದೆ. ಆಮೇಲೆ ಅದೇ ಎಪಾಕ್ಸಿ ಅದನ್ನು ಹೊರಗೆ ಬಿಡದೆ ಜೋಪಾನ ಮಾಡುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮೊದಲ ಪ್ಲೈವುಡ್ ಕಯಾಕನ್ನು ಮೇ ಕೊನೆಯಲ್ಲಿ ಮಮತೆಯಿಂದ ಸುತ್ತಿಟ್ಟಿದ್ದೆ. ಚೌತಿಗೆ ಬಿಚ್ಚಿದೆ. ಒದ್ದೆ ಗೋಣಿಯ ವಾಸನೆ. ಬೆರಳಿನ ಗಂಟಿನಿಂದ ತಟ್ಟುತ್ತಾ ಹೋದೆ: ಟಕ್, ಟಕ್, ಟಕ್, ಮೂತಿಯ ಹತ್ತಿರ ಬದ್. ಒತ್ತಿದರೆ ಹೆಬ್ಬೆರಳು ಕಳಿತ ಬಾಳೆಹಣ್ಣಿಗೆ ಇಳಿದ ಹಾಗೆ ಇಳಿಯಿತು. ಅಮ್ಮ ಬಂದು ನೋಡಿ, ‘ಹಪ್ಪಳವನ್ನೂ ಬಿಸಿಲು ತೋರಿಸಿಯೇ ಡಬ್ಬಿಗೆ ಹಾಕುವುದು’ ಎಂದು ಒಳಗೆ ಹೋದರು.

ಕಡಲತೀರದಲ್ಲಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೇಲೆಳೆದ ಮರದ ದೋಣಿಗೆ ತೆಂಗಿನ ಮಡಲಿನ ಮಾಡು, ಅಡಿಗೆ ಮರದ ದಿಮ್ಮಿ, ಎರಡೂ ತುದಿ ಬಯಲು. ಮಳೆ ಬೀಳಬಾರದು, ಗಾಳಿ ನಿಲ್ಲಬಾರದು. ನೀವೂ ಅಷ್ಟೇ ಮಾಡಿ: ಕವುಚಿ ಹಾಕಿ, ನೆಲದಿಂದ ಮೊಣಕಾಲೆತ್ತರಕ್ಕೆ ಎತ್ತಿ, ಹ್ಯಾಚ್‌ಗಳ, ಅಂದರೆ ಸಾಮಾನಿಡುವ ಬಾಯಿಗಳ, ಮುಚ್ಚಳ ತೆಗೆದಿಡಿ. ಟಾರ್ಪಾಲು ಬೇಕೇ ಬೇಕೆಂದರೆ ಮಾಡಿನ ಹಾಗೆ ಮೇಲೆ ಕಟ್ಟಿ, ಸೀರೆಯ ಹಾಗೆ ಉಡಿಸಬೇಡಿ.

ಒಬ್ಬರು ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ ಇಡುತ್ತಾರಂತೆ. ಚಪ್ಪಲಿ ಡಬ್ಬಿಯಲ್ಲಿ ಬರುವುದು. ಹದಿನೇಳು ಅಡಿ ಕಯಾಕ್‌ಗೆ, ಕರಾವಳಿಯ ಆಷಾಢಕ್ಕೆ! ಇಡಿ, ಜೊತೆಗೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿಯನ್ನೂ ಕಟ್ಟಿ.

ಚಾನೆಲ್‌ಗೆ ಚಂದಾದಾರರಾಗಿ, ಗಂಟೆ ಒತ್ತಿ. ಟಾರ್ಪಾಲು ಸುತ್ತಿದವರು ಮೊದಲು ಹೋಗಿ ಬಿಚ್ಚಿ, ಆಮೇಲೆ ಒತ್ತಿ. ಕಾರಣ ಇನ್ನೂ ಬೇಕೇ? ಬಿಚ್ಚಿ ಎಂದರೆ ಬಿಚ್ಚಿ. ಹುಟ್ಟಿನ ವಿಷಯ ಮುಂದಿನ ವಾರ... ಓ, ಮಳೆ ಬಂತು. ಒಂದು ನಿಮಿಷ, ನನ್ನ ಮಾಡಿನ ಬಡಗಣ ಮೂಲೆ ಸೋರುತ್ತದೆ.