ಸಂಜೆ ಐದರ ಮೇಲೆ ಅಲ್ಲಿ ಏನಿದೆ?

ಕೇಳುಗರಿಗೆ ನಮಸ್ಕಾರ.

ಡಿಗ್ರಿ ರಿಸಲ್ಟ್ ಬಂದಿದೆ. ಎಂ.ಎ., ಎಂ.ಎಸ್ಸಿ., ಎಂ.ಕಾಂ. ಅರ್ಜಿ ಹಾಕುವ ಸಮಯ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಕೊಪ್ಪ, ಎನ್.ಆರ್.ಪುರದ ಎಷ್ಟೋ ಮನೆಗಳಲ್ಲಿ ಈಗ ಒಂದೇ ಮಾತು: ಮಗಳನ್ನು ಎಲ್ಲಿಗೆ ಸೇರಿಸೋಣ, ಮಗನನ್ನು ಎಲ್ಲಿಗೆ ಕಳಿಸೋಣ. ಕೊಟ್ಟಿಗೆ ಕೆಲಸ ಮುಗಿಸಿ ರೇಡಿಯೋ ಹಾಕಿಕೊಂಡು ಕೂತ ಅಪ್ಪ ಅಮ್ಮಂದಿರೇ, ಪಕ್ಕದಲ್ಲಿ ಮೊಬೈಲ್ ಹಿಡಿದು ಕೂತ ಮಕ್ಕಳೇ, ಇವತ್ತಿನ ಮಾತು ನಿಮಗೆ. ಮಕ್ಕಳು ಮೊಬೈಲನ್ನು ಹತ್ತು ನಿಮಿಷ ಕೆಳಗಿಡಿ.

ದೊಡ್ಡ ವಿಶ್ವವಿದ್ಯಾಲಯದ ಬದುಕಿನ ಬಗ್ಗೆ ಅಲ್ಲಿ ಓದುವ ವಿದ್ಯಾರ್ಥಿಗಳು ಏನು ಹೇಳುತ್ತಾರೆ? ಆಕಾಶವಾಣಿಯವರು ನನಗೆ ಕೊಟ್ಟ ವಿಷಯ ಇದು. ನಾನು ಮಲೆನಾಡಿನ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವನು. ನನ್ನ ಕೈಯಲ್ಲಿ ಡಿಗ್ರಿ ಮುಗಿಸಿ ಮುಂದೆ ಓದಲು ಹೋದ ಮಕ್ಕಳಿಗೆಲ್ಲ ಒಂದು ಮಾತು ಹೇಳಿ ಕಳಿಸುತ್ತಿದ್ದೆ. ಅಲ್ಲಿ ಹೇಗಿದೆ ಅಂತ ಒಂದು ಕಾಗದ ಬರೆಯಿರಿ. ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಿಂದ ಬರೆದರು, ಮೈಸೂರಿನ ಮಾನಸಗಂಗೋತ್ರಿಯಿಂದ ಬರೆದರು, ಧಾರವಾಡದಿಂದ, ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಯಿಂದ ಬರೆದರು. ಮೊದಲು ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು, ಈಗ ವಾಟ್ಸಾಪ್ ಬರುತ್ತದೆ. ಎಲ್ಲ ಓದಿದ್ದೇನೆ.

ಓದಿದವರಿಗೆ ತಲೆ ತಿರುಗಬೇಕು. ಒಂದೇ ಜಾಗ, ಒಂದೇ ವಿಭಾಗ, ಒಂದೇ ವರ್ಷ. ಒಬ್ಬ ಹುಡುಗ ಬರೆಯುತ್ತಾನೆ, ‘ಸಾರ್, ಸ್ವರ್ಗ ಇದ್ದ ಹಾಗಿದೆ.’ ಅದೇ ಬೆಂಚಿನಲ್ಲಿ ಕೂರುವ ಇನ್ನೊಬ್ಬ ಬರೆಯುತ್ತಾನೆ, ‘ಯಾಕಾದ್ರೂ ಸೇರಿದ್ನೋ ಅನ್ಸ್ತಿದೆ.’ ಹಾಗಾದರೆ ಯಾರ ಮಾತು ನಂಬುವುದು? ಇಬ್ಬರ ಮಾತೂ ನಿಜ. ಇಬ್ಬರ ಹಗಲು ಒಂದೇ, ಸಂಜೆ ಬೇರೆ.

ಇಷ್ಟೇ ನಾನು ಹೇಳಬೇಕಾದದ್ದು. ವಿಶ್ವವಿದ್ಯಾಲಯ ಹೇಗಿದೆ ಅಂತ ಯಾರನ್ನೂ ಕೇಳಬೇಡಿ. ಸಂಜೆ ಐದರ ಮೇಲೆ ಅಲ್ಲಿ ಏನಿದೆ, ನೀವೇನು ಮಾಡುತ್ತೀರಿ ಅಂತ ಕೇಳಿ.

ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ. ಕ್ಲಾಸು, ಲ್ಯಾಬು, ಸೆಮಿನಾರು, ಇಂಟರ್ನಲ್ಸ್. ಒಳ್ಳೆಯ ಮೇಷ್ಟ್ರು ಎಲ್ಲಾ ಕಡೆ ಒಬ್ಬಿಬ್ಬರು ಇರುತ್ತಾರೆ, ಪಾಠ ಮಾಡದವರೂ ಎಲ್ಲಾ ಕಡೆ ಇರುತ್ತಾರೆ. ಎರಡು ವರ್ಷ ಆದ ಮೇಲೆ ಒಬ್ಬ ಹುಡುಗಿ ಮೈಕ್ ಮುಂದೆ ನಿಂತು ಮಾತಾಡುವ ಧೈರ್ಯ ತಂದುಕೊಂಡಿರುತ್ತಾಳೆ, ಇನ್ನೊಬ್ಬಳು ಮಾರ್ಕ್ಸ್ ಕಾರ್ಡ್ ಮಾತ್ರ ತಂದಿರುತ್ತಾಳೆ. ಆ ವ್ಯತ್ಯಾಸ ಆಗುವುದು ಸಂಜೆಯಲ್ಲಿ.

ನಮ್ಮ ಕುವೆಂಪು ವಿಶ್ವವಿದ್ಯಾಲಯವನ್ನೇ ನೋಡಿ. ಮೊದಲು ಬಿ.ಆರ್.ಪ್ರಾಜೆಕ್ಟ್‌ನಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತು. 1987ರಲ್ಲಿ ಅದು ಸ್ವಂತ ವಿಶ್ವವಿದ್ಯಾಲಯ ಆಯಿತು. ಶಂಕರಘಟ್ಟದ ಜ್ಞಾನಸಹ್ಯಾದ್ರಿ ಆವರಣ 230 ಎಕರೆ. ಶಿವಮೊಗ್ಗದಿಂದ 28 ಕಿಲೋಮೀಟರ್, ಭದ್ರಾವತಿಯಿಂದ 18. ಹತ್ತಿರದಲ್ಲೇ ಭದ್ರಾ ಡ್ಯಾಮು, ಸುತ್ತ ಕಾಡು. ಮೈಸೂರಿನಲ್ಲಿ ಗಂಗೋತ್ರಿಯ ಗೇಟು ದಾಟಿದರೆ ಸರಸ್ವತಿಪುರಂ, ಊರೇ ಸಿಗುತ್ತದೆ. ಧಾರವಾಡದಲ್ಲಿ ಸಪ್ತಾಪುರದ ಕಡೆ ಹೋದರೆ ಓದುವ ಹುಡುಗರ ರೂಮು, ಖಾನಾವಳಿ, ಕೋಚಿಂಗ್ ಸೆಂಟರು. ಶಂಕರಘಟ್ಟ ಹಾಗಲ್ಲ. ಬಸ್ಸು ಹತ್ತುವವರು ಹತ್ತಿ ಹೋದ ಮೇಲೆ ಉಳಿಯುವುದು ಹಾಸ್ಟೆಲಿನ ಮಕ್ಕಳು ಮತ್ತು ಕಾಡು. ಅದು ಕೊರತೆ ಅಂತ ಕೆಲವರು ಬರೆದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಂಥ ಜಾಗದಲ್ಲಿ ಸಂಜೆಯನ್ನು ನಾವೇ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡವರಿಗೆ ಅದು ಸ್ವರ್ಗ, ಕಟ್ಟಿಕೊಳ್ಳದವರಿಗೆ ಬೇಜಾರು.

ಆ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಅವರೂ ಹೀಗೇ ಊರು ಬಿಟ್ಟು ಹೋದವರು ಅಲ್ವಾ. ಕುಪ್ಪಳಿಯ ಹುಡುಗ ಮೈಸೂರಿಗೆ ಹೋದ, ಮಹಾರಾಜ ಕಾಲೇಜಿನಲ್ಲಿ ಓದಿದ. ಕ್ಲಾಸಿನ ಪಾಠ ಅವರ ಜೊತೆಯವರಿಗೆಲ್ಲ ಸಿಕ್ಕಿತ್ತು. ಕುಕ್ಕರಹಳ್ಳಿ ಕೆರೆಯ ದಂಡೆ ಮೇಲೆ ಓಡಾಡಿದ ಹೊತ್ತು ಅವರದೇ. ಆ ಕೆರೆ ಅವರ ಕವಿತೆಗಳಲ್ಲಿ ಬಂದು ಕೂತಿದೆ.

ಈಗ ನಿಮಗೆ ಒಬ್ಬಳು ಹುಡುಗಿಯ ವಿಷಯ ಹೇಳಬೇಕು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಹುಡುಗಿ. ಸಿಗಂದೂರು ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈಯಲ್ಲಿ. ಇದು ಅದಕ್ಕಿಂತ ಮುಂಚಿನ ಮಾತು. ಆಗ ಸಾಗರದಿಂದ ಬಂದು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಆಚೆ ದಡಕ್ಕೆ ಹೋಗಬೇಕಿತ್ತು. ಬಸ್ಸು, ಜೀಪು, ಬೈಕು, ದೇವಸ್ಥಾನಕ್ಕೆ ಹೋಗುವ ಭಕ್ತರು, ಸಂತೆಯ ಚೀಲ ಎಲ್ಲ ಒಂದೇ ಲಾಂಚಿನಲ್ಲಿ. ಕತ್ತಲಾದ ಮೇಲೆ ಲಾಂಚ್ ಇಲ್ಲ. ಹಾಗಾಗಿ ಆ ಕಡೆಯವರಿಗೆ ಎಲ್ಲವೂ ಕೊನೇ ಲಾಂಚಿನ ಒಳಗೆ ಮುಗಿಯಬೇಕು. ಕಾಲೇಜು, ಆಸ್ಪತ್ರೆ, ಮದುವೆ ಮನೆ ಊಟ, ಎಲ್ಲ.

ಡಿಗ್ರಿ ಮುಗಿಸಿದ ಆ ಹುಡುಗಿಯನ್ನು ಕರೆದುಕೊಂಡು ಅವಳ ಅಪ್ಪ ಶಿವಮೊಗ್ಗದ ನಮ್ಮ ಮನೆಗೆ ಬಂದರು. ಸ್ವಲ್ಪ ಅಡಿಕೆ ತೋಟ ಇರುವ ಮನುಷ್ಯ, ಮಿತಭಾಷಿ. ಹುಡುಗಿ ಕೈಯಲ್ಲಿ ಫೈಲು. ಅಪ್ಪ ಕೇಳಿದ್ದು ಒಂದೇ, ‘ಮೇಷ್ಟ್ರೇ, ಒಳ್ಳೇದು ಯಾವ್ದು ಹೇಳಿ. ಅಲ್ಲಿಗೆ ಹಾಕ್ತೀನಿ.’

ನಾನು ಹೇಳುವುದಕ್ಕಿಂತ ಓದಿದವರೇ ಹೇಳಲಿ ಅಂತ ನನ್ನ ಇಬ್ಬರು ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಕರೆಸಿದೆ. ಇಬ್ಬರೂ ಒಂದೇ ವಿಭಾಗದಲ್ಲಿ ಎಂ.ಎ. ಮಾಡಿದವರು. ಒಬ್ಬ ಹುಡುಗ, ದಿನಾ ಬಸ್ಸಿನಲ್ಲಿ ಹೋಗಿ ಬಂದವನು. ಇನ್ನೊಬ್ಬಳು ಸೊರಬದ ಕಡೆಯವಳು, ಹಾಸ್ಟೆಲಿನಲ್ಲಿದ್ದವಳು.

ಹುಡುಗ ಶುರು ಮಾಡಿದ. ‘ಸುಮ್ನೆ ಟೈಮ್ ವೇಸ್ಟ್ ಅಂಕಲ್. ಕ್ಲಾಸ್ ಆಯ್ತು, ಬಸ್ ಹತ್ತಿದ್ವಿ, ಮನೆಗೆ ಬಂದ್ವಿ. ಅಲ್ಲಿ ಏನೂ ಇಲ್ಲ.’ ಹುಡುಗಿ ತಕ್ಷಣ, ‘ಏನೂ ಇಲ್ವಾ? ನನ್ನ ಬದುಕಿನಲ್ಲಿ ಅಷ್ಟು ಒಳ್ಳೇ ಎರಡು ವರ್ಷ ಬೇರೆ ಇಲ್ಲ’ ಅಂದಳು. ಇಬ್ಬರದೂ ಜೋರಾಯಿತು. ಅಪ್ಪ ನನ್ನ ಮುಖ ನೋಡಿದರು. ‘ಇವ್ರಿಬ್ರೂ ಓದಿದ್ದು ಒಂದೇ ಕಡೆನಾ ಮೇಷ್ಟ್ರೇ?’

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ತುಮರಿಯ ಹುಡುಗಿ ಆಗ ಬಾಯಿ ಬಿಟ್ಟಳು. ‘ಅಕ್ಕಾ, ಸಂಜೆ ಐದರ ಮೇಲೆ ನೀವು ಏನ್ಮಾಡ್ತಿದ್ರಿ?’

ನೋಡಿ, ಕೊನೇ ಲಾಂಚಿನ ಲೆಕ್ಕದಲ್ಲೇ ಬೆಳೆದ ಹುಡುಗಿ. ಸಂಜೆಯ ಬೆಲೆ ಅವಳಿಗೆ ಗೊತ್ತಿತ್ತು. ನಾನು ಇವತ್ತು ಇಲ್ಲಿ ಕೂತು ಹೇಳುತ್ತಿರುವ ಪ್ರಶ್ನೆ ಅವಳದು.

ಸೊರಬದ ಹುಡುಗಿ ಹೇಳುತ್ತಾ ಹೋದಳು. ಕ್ಲಾಸು ಬಿಟ್ಟ ಮೇಲೆ ರೂಮಿಗೆ ಹೋಗಿ ಮುಖ ತೊಳೆದು ರಸ್ತೆ ಬದಿಯ ಅಂಗಡಿಯಲ್ಲಿ ಚಹಾ. ಆಮೇಲೆ ಲೈಬ್ರರಿ. ರಾತ್ರಿ ಊಟ ಆದ ಮೇಲೆ ಮೆಸ್ಸಿನಲ್ಲಿ ಟೇಬಲ್ ಒರೆಸಿ, ನಾಲ್ಕೈದು ಜನ ಅಲ್ಲೇ ಕೂರುವುದು. ಮರುದಿನ ಯಾರ ಸೆಮಿನಾರ್ ಇದೆಯೋ ಅವರು ಎದ್ದು ನಿಂತು ಮಾತಾಡಬೇಕು. ಮಿಕ್ಕವರು ಮೇಷ್ಟ್ರ ಹಾಗೆ ಪ್ರಶ್ನೆ ಕೇಳಬೇಕು. ಇವಳು ಕನ್ನಡ ಮೀಡಿಯಂ. ಮೊದಲ ಸಲ ಇಂಗ್ಲಿಷಿನಲ್ಲಿ ಮಾತಾಡಲು ನಿಂತಾಗ ಸ್ಟೀಲ್ ಲೋಟ ಹಿಡಿದ ಕೈ ನಡುಗಿ ನೀರು ಚೆಲ್ಲಿತಂತೆ. ಯಾರೂ ನಗಲಿಲ್ಲ. ಒಬ್ಬಳು ಎದ್ದು ನೀರು ಒರೆಸಿ, ‘ಮತ್ತೆ ಮೊದಲಿಂದ ಹೇಳೇ’ ಅಂದಳಂತೆ. ಕರೆಂಟ್ ಹೋದರೆ ಮೊಬೈಲ್ ಟಾರ್ಚ್ ಹಾಕಿಕೊಂಡು ಮುಂದುವರಿಸುತ್ತಿದ್ದರು. ಮಳೆಗಾಲದಲ್ಲಿ ಹೊರಗೆ ಹೋಗುವ ಹಾಗೇ ಇಲ್ಲವಲ್ಲ, ಆಗ ಇದೇ ಜಾಸ್ತಿ. ಮೂರನೇ ಸೆಮಿಸ್ಟರ್ ಹೊತ್ತಿಗೆ ಇವಳೇ ಜೂನಿಯರ್‌ಗಳಿಗೆ ಪ್ರಶ್ನೆ ಕೇಳುವ ಮೇಷ್ಟ್ರು.

ಆಮೇಲೆ ನಾನು ಹುಡುಗನ ಕಡೆ ತಿರುಗಿದೆ. ‘ನಿನ್ನ ಸಂಜೆ ಹೇಳಪ್ಪ.’ ಅವನು ಯೋಚನೆ ಮಾಡಿ ಹೇಳಿದ. ಮೂರೂವರೆಯಿಂದಲೇ ಕಣ್ಣು ಗಡಿಯಾರದ ಮೇಲೆ. ಕೊನೇ ಕ್ಲಾಸು ಹತ್ತು ನಿಮಿಷ ಹೆಚ್ಚಾದರೆ ಮೇಷ್ಟ್ರ ಮೇಲೆ ಸಿಟ್ಟು. ಓಡಿ ಬಂದು ಬಸ್ಸು ಹಿಡಿಯುವುದು, ನಿಂತುಕೊಂಡು ಭದ್ರಾವತಿ ತನಕ, ಅಲ್ಲಿಂದ ಇನ್ನೊಂದು ಬಸ್ಸು. ಮನೆ ಸೇರಿ ಊಟ ಮಾಡಿದರೆ ನಿದ್ದೆ. ಲೈಬ್ರರಿಯಲ್ಲಿ ಅವನಿಗೆ ಕಾರ್ಡು ಇತ್ತು, ಕೂತು ಓದಿದ ನೆನಪಿಲ್ಲ. ಹೇಳುತ್ತಾ ಹೇಳುತ್ತಾ ಅವನೇ ತಣ್ಣಗಾದ. ‘ಸಾರ್, ನಾನು ಆ ಯೂನಿವರ್ಸಿಟಿ ನೋಡೇ ಇಲ್ಲ ಅನ್ಸತ್ತೆ’ ಅಂದ. ತುಂಬಾ ಪ್ರಾಮಾಣಿಕ ಹುಡುಗ. ಅವನ ತಪ್ಪಲ್ಲ, ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲದೆ ಅವನು ದಿನಾ ಹೋಗಿ ಬರಲೇಬೇಕಿತ್ತು.

ತುಮರಿಯ ಹುಡುಗಿ ಹಾಸ್ಟೆಲ್ ಸೇರಿದಳು. ಮೊದಲ ತಿಂಗಳು ದಿನಾ ಅಳುತ್ತಿದ್ದಳು, ಅದನ್ನೂ ನನಗೆ ಬರೆದಿದ್ದಾಳೆ. ಎರಡನೇ ಸೆಮಿಸ್ಟರಿನಲ್ಲಿ ಬರೆದ ಕಾಗದದಲ್ಲಿ ಒಂದು ಸಾಲು ಇತ್ತು: ‘ಸರ್, ರಾತ್ರಿ ಎಂಟು ಗಂಟೆಗೆ ಲೈಬ್ರರಿಯಿಂದ ನಡ್ಕೊಂಡು ಬರ್ತೀನಿ. ಊರಲ್ಲಿ ಆ ಹೊತ್ತಿಗೆ ಎಲ್ಲೂ ಹೋಗಿ ಗೊತ್ತಿಲ್ಲ ನನಗೆ.’

ಈ ಹುಡುಗಿಯ ಮಾತಿಗೆ ನನ್ನ ಅರ್ಧ ಸಮಯ ಹೋಯಿತು. ಹೋಗಲಿ, ಅದು ಹೇಳಲೇಬೇಕಾದ ಮಾತು. ಮಿಕ್ಕದ್ದನ್ನು ಬೇಗ ಬೇಗ ಹೇಳುತ್ತೇನೆ.

ಬಸ್ಸಿನ ವಿಷಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಒಳ್ಳೆಯದೇ. ಆದರೆ ಕೆಲವು ಅಪ್ಪಂದಿರು ಶುರು ಮಾಡಿದ್ದಾರೆ, ‘ಹಾಸ್ಟೆಲ್ ಯಾಕೆ, ದಿನಾ ಹೋಗಿ ಬರಲಿ’ ಅಂತ. ಬಸ್ ಚಾರ್ಜು ಉಳಿಯಿತು ಸರಿ, ಮಗಳ ಸಂಜೆ? ಅದನ್ನು ಯಾರು ಕೊಡುತ್ತಾರೆ? ನಮ್ಮ ಮಲೆನಾಡಿನ ಎಷ್ಟೋ ದಾರಿಯಲ್ಲಿ ಇವತ್ತಿಗೂ ಖಾಸಗಿ ಬಸ್ಸೇ ಗತಿ, ಅದೂ ಕತ್ತಲಾದ ಮೇಲೆ ಇಲ್ಲ. ಹಾಸ್ಟೆಲ್ ಸಿಗುವ ಹಾಗಿದ್ದರೆ ದಯವಿಟ್ಟು ಹಾಸ್ಟೆಲ್ ಹಾಕಿ. ವಿಶ್ವವಿದ್ಯಾಲಯದ ಹಾಸ್ಟೆಲ್ ಇದೆ, ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಹಣ ಕೊಡುವ ವಿದ್ಯಾಸಿರಿ ಯೋಜನೆ ಇದೆ. ಅರ್ಜಿ ಹಾಕುವ ಕೊನೇ ದಿನ ದಾಟಿಸಬೇಡಿ.

ಮೆಸ್ಸಿನ ಊಟ. ಎಲ್ಲ ಕಾಗದದಲ್ಲೂ ಬಂದಿದೆ ಈ ದೂರು. ಸಾರು ನೀರು, ಚಪಾತಿ ಗಟ್ಟಿ. ಮನೆಯ ಕಡುಬು, ಅಕ್ಕಿ ರೊಟ್ಟಿ ತಿಂದು ಬೆಳೆದ ಮಕ್ಕಳು, ಪಾಪ, ಕಷ್ಟವೇ. ಉಪ್ಪಿನಕಾಯಿ ಬಾಟಲಿ ಕೊಟ್ಟು ಕಳಿಸಿ. ಊಟ ಸರಿಯಿಲ್ಲ ಅಂತ ಓದು ಬಿಟ್ಟವರನ್ನು ನಾನು ನೋಡಿಲ್ಲ.

ಶನಿವಾರ. ಇದು ನನಗೆ ಬೇಸರ ತರಿಸುವ ವಿಷಯ. ಶುಕ್ರವಾರ ಮಧ್ಯಾಹ್ನವೇ ಬಟ್ಟೆ ಚೀಲ ಹೆಗಲಿಗೆ ಹಾಕಿ ಊರಿಗೆ ಹೊರಡುವ ಮಕ್ಕಳಿದ್ದಾರೆ, ಪ್ರತಿ ವಾರ. ಸೋಮವಾರ ಮಧ್ಯಾಹ್ನ ವಾಪಸ್ಸು. ಅಮ್ಮಂದಿರೇ, ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೂ ‘ಈ ವಾರ ಬರಬೇಡ, ಅಲ್ಲೇ ಇರು’ ಅಂತ ನೀವೇ ಹೇಳಿ. ನಾಟಕ, ಎನ್‌ಎಸ್‌ಎಸ್, ಚಾರಣ, ಕಬಡ್ಡಿ, ಗೆಳೆತನ ಎಲ್ಲ ನಡೆಯುವುದು ಸಂಜೆ ಮತ್ತು ರಜೆ ದಿನ. ಅದೂ ಓದೇ.

ಇನ್ನು ಇಂಟರ್‌ನೆಟ್ಟಿನಲ್ಲಿ ಸ್ಟಾರ್ ರೇಟಿಂಗ್ ನೋಡಿ, ಯೂಟ್ಯೂಬಿನಲ್ಲಿ ಗೇಟು, ಗಾರ್ಡನ್ನು ನೋಡಿ ತೀರ್ಮಾನ ಮಾಡುವವರು. ಮಂಡಿಯಲ್ಲಿ ಅಡಿಕೆ ಮೂಟೆಯ ಮೇಲಿನ ಹಿಡಿ ನೋಡಿ ಯಾರಾದರೂ ರೇಟು ಹೇಳುತ್ತಾರಾ? ಒಳಗೆ ಕೈ ಹಾಕುತ್ತಾರೆ ತಾನೇ. ಹಾಗೇ ಒಂದು ಸಲ ಹೋಗಿ ನೋಡಿ. ಭಾನುವಾರ ಹೋಗಬೇಡಿ, ಅಡ್ಮಿಷನ್ ದಿನವೂ ಬೇಡ, ಆ ದಿನ ಎಲ್ಲರೂ ನಗುತ್ತಾ ಮಾತಾಡುತ್ತಾರೆ. ಬುಧವಾರವೋ ಗುರುವಾರವೋ ಮಧ್ಯಾಹ್ನ ಮೂರಕ್ಕೆ ತಲುಪಿ. ಆಫೀಸಿಗೆ ಹೋಗಬೇಡಿ. ಚಹಾದ ಅಂಗಡಿಯಲ್ಲಿ ಕೂತು ಎರಡನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಹೊಸಬರಿಗೆ ಇನ್ನೂ ಏನೂ ಗೊತ್ತಿರುವುದಿಲ್ಲ. ಬಸ್ಸಿನಲ್ಲಿ ಬರುವವರನ್ನೂ ಕೇಳಿ, ಹಾಸ್ಟೆಲಿನವರನ್ನೂ ಕೇಳಿ. ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತದೆ? ಹಾಸ್ಟೆಲಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪ ಇದೆಯಾ? ಹುಡುಗಿಯರ ಹಾಸ್ಟೆಲಿನ ಗೇಟು ಎಷ್ಟಕ್ಕೆ ಹಾಕುತ್ತಾರೆ? ಹುಷಾರು ತಪ್ಪಿದರೆ ರಾತ್ರಿ ಯಾರು ಕರೆದುಕೊಂಡು ಹೋಗುತ್ತಾರೆ? ಇಷ್ಟು ಕೇಳಿ. ಮಗಳೇ ಕೇಳಲಿ, ಅಪ್ಪ ಪಕ್ಕದಲ್ಲಿರಲಿ ಸಾಕು.

ಐದಾದ ಮೇಲೂ ಒಂದು ಗಂಟೆ ಅಲ್ಲೇ ಇದ್ದು ನೋಡಿ ಬನ್ನಿ. ವಾಪಸ್ ಬರುವ ಕಡೇ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿದ ತಕ್ಷಣ ಕಂಡಕ್ಟರ್ ಹತ್ತಿರ ವಿಚಾರಿಸಿಟ್ಟುಕೊಳ್ಳಿ.

ನಮಸ್ಕಾರ.